ಹನ್ನೆರಡು ಬಾಟಲಿ

ಹನ್ನೆರಡು ಬಣ್ಣ ಬೇಕೆಂದು ಬರೆದಿದ್ದೆ.
ಶಿವಮೊಗ್ಗದ ಆಫೀಸಿನಿಂದ ಬಂದದ್ದು
ಹನ್ನೆರಡು ಬಾಟಲಿ. ಲೆಕ್ಕ ಸರಿಯಿತ್ತು.
ಹನ್ನೆರಡೂ ನೀಲಿ:
ಇಂಕಿಗಿಂತ ಕಪ್ಪು,
ನೇರಳೆ ತಿಂದ ನಾಲಗೆಗಿಂತ ತುಸು ತಣ್ಣಗೆ.

ಹೆಡ್‌ಮಾಸ್ಟರ್ ಕುಬೇರಪ್ಪ ಬಿಲ್ಲಿಗೆ ಸಹಿ ಹಾಕುತ್ತ
'ವಾಪಸ್ ಕಳಿಸಿದರೆ ಮುಂದಿನ ವರ್ಷದ ಮಾತು,
ಇದರಲ್ಲೇ ಸುಧಾರಿಸಿ ಮೇಷ್ಟ್ರೆ' ಅಂದರು.
ಸುಧಾರಿಸುವುದು ಭದ್ರಾವತಿಯಲ್ಲಿ
ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಎಂಟನೇ ಕ್ಲಾಸು, ಬಿ ಸೆಕ್ಷನ್, ಶನಿವಾರದ ಕೊನೇ ಪೀರಿಯಡ್.
ನಲವತ್ತೊಂದು ಮಕ್ಕಳು, ಹನ್ನೊಂದು ಕುಂಚ,
ಬಿಸಿಯೂಟದ ಲೋಟಗಳಲ್ಲಿ ನೀರು.
'ಸಾ, ಎಲೆ ಹೆಂಗೆ ಬರೆಯೋದು?' ತಿಪ್ಪೇಶಿ.
'ಸಾ, ನಮ್ಮಪ್ಪನ ಆಟೋ?'
ಅಫ್ರೋಜನ ದನಿಯಲ್ಲಿ ಆಗಲೇ ಅವಮಾನ.

ಬೋರ್ಡಿನ ಮೇಲೆ ಒಂಬತ್ತು ಮನೆ ಗೀಚಿದೆ, ಕುಂಟೆಬಿಲ್ಲೆಯ ಹಾಗೆ.
ಮೊದಲ ಮನೆಗೆ ಬರೀ ಬಣ್ಣ.
ಎರಡನೆಯದಕ್ಕೆ ಒಂದು ತೊಟ್ಟು ನೀರು, ಮೂರಕ್ಕೆ ಮತ್ತೊಂದು.
'ಹೊತ್ತಲ್ಲದ ಹೊತ್ತಲ್ಲಿ ನೆಂಟರು ಬಂದರೆ
ಅಮ್ಮ ಸಾರಿಗೆ ಏನು ಮಾಡ್ತಾಳೆ?'
'ನೀರು ಹೊಯ್ತಾಳೆ ಸಾ!'
'ಇನ್ನೂ ಆರು ಜನ ಬಂದರೆ?'
'ಇನ್ನೂ ಹೊಯ್ತಾಳೆ!'
'ಅದೇ ಇದು. ಒಂಬತ್ತನೇ ಮನೆಗೆ ಬರುವಷ್ಟರಲ್ಲಿ
ಬೇಳೆ ಹುಡುಕಬೇಕು.'

ಆಮೇಲೆ ಕಣ್ಣು ಕಿರಿದು ಮಾಡುವುದು ಕಲಿಸಿದೆ,
ಮಧ್ಯಾಹ್ನದ ಎಮ್ಮೆ ರಸ್ತೆ ನೋಡುವ ಹಾಗೆ.
ಆಗ ಬಣ್ಣ ಹೋಗಿ ಭಾರ ಉಳಿಯುತ್ತದೆ.
ಅಫ್ರೋಜ್ ಗೇಟಿನಾಚೆ ನಿಂತ ಆಟೋ ನೋಡಿ ನೋಡಿ
ಹಳದಿ ಟಾಪಿಗೆ ಏಳನೇ ಮನೆ, ಹಸಿರು ಮೈಗೆ ಮೂರು,
ಸೀಟಿನಡಿಯ ಕತ್ತಲಿಗೆ ಒಂದು ಎಂದು ಲೆಕ್ಕ ಹಾಕಿದ.
'ಸಾ, ಅಪ್ಪನ ಖಾಕಿ ಶರ್ಟೂ ರಸ್ತೆಯೂ ಒಂದೇ ಮನೇಲಿದಾವೆ.'
ಇರಲಿ ಬಿಡೋ, ಅಂದೆ.

ಬಿಳಿ ಬಣ್ಣ ಎಲ್ಲಿ ಎಂದು ಯಾರೋ ಕೇಳಿದರು.
ಬಿಳಿ ಬಣ್ಣ ಇಲ್ಲ. ಬಿಳಿ ಎಂದರೆ ಕಾಗದ.
ಬೇಕಾದ ಕಡೆ ಮುಟ್ಟದೆ ಬಿಡಬೇಕು.
ಸೋನಿಬಾಯಿ ಮುಟ್ಟಿಬಿಟ್ಟಿದ್ದಳು; ಬಿಳಿ ವಾಪಸ್ ಬರಲೆಂದು
ಒದ್ದೆ ಬೆರಳಲ್ಲಿ ಉಜ್ಜಿ ಉಜ್ಜಿ ತೂತು ಮಾಡಿದಳು.
ತೂತಿನಲ್ಲಿ ಬೆಂಚು ಕಂಡಿತು.
'ಇದು ಯಾವ ಮನೆ ಸಾ?'
ಮುಟ್ಟದಿರುವುದು ಕಷ್ಟ.
ಇಪ್ಪತ್ತೆರಡು ವರ್ಷವಾಯಿತು, ನನಗೇ ಪೂರ್ತಿ ಬಂದಿಲ್ಲ.

ಕಾಗದ ನಮ್ಮೂರದೇ.
ಕಾರ್ಖಾನೆ ಮುಚ್ಚುವ ಮುಂಚೆ ಯಾರೋ ಸ್ಕೂಲಿಗೆ ಕೊಟ್ಟ ಬಂಡಲು,
ಬೀರುವಿನ ತಳದಲ್ಲಿ, ಅಂಚು ಹಳದಿಯಾಗಿ.
ಹಾಳೆ ಹಂಚುವಾಗಲೇ ಪೂಂಗೊಡಿ ತನ್ನದನ್ನು
ಬೆಳಕಿಗೆ ಓರೆಯಾಗಿ ಹಿಡಿದಿದ್ದಳು,
ಹೆಬ್ಬೆರಳಲ್ಲಿ ಸವರಿ, ಮಗುಚಿಟ್ಟಿದ್ದಳು.
'ಅದು ಜಾಲರಿ ಕಡೆ ಸಾ. ಬಣ್ಣ ಕುಡಿಯುತ್ತೆ.'
'ಯಾರು ಹೇಳಿದ್ದು?'
'ತಾತ. ಮೂರನೇ ಮಷೀನು, ನೈಟ್ ಶಿಫ್ಟು.'
ಉಳಿದ ನಲವತ್ತು ಮಕ್ಕಳು, ನಾನೂ,
ನಮ್ಮ ನಮ್ಮ ಹಾಳೆ ಮಗುಚಿದೆವು.
ಕ್ಲಾಸು ಒಮ್ಮೆ ಸರ್ರೆಂದು ಸುಮ್ಮನಾಯಿತು.

ಅವಳು ಬರೆದದ್ದು ಚಿಮಣಿ.
ಬರೆದದ್ದು ಎನ್ನುವುದು ತಪ್ಪು. ಆಕಾಶ ಬರೆದಳು,
ನಾಲ್ಕನೇ ಮನೆಯಿಂದ ಆರಕ್ಕೆ, ಒದ್ದೆ ಆರುವ ಮುಂಚೆ,
ನಡುವೆ ಉದ್ದಕ್ಕೆ ಒಂದಿಷ್ಟು ಜಾಗ ಬಿಟ್ಟು.
ಬಿಟ್ಟ ಜಾಗ ಎದ್ದು ನಿಂತಿತು.
'ಹೊಗೆ?' ಎಂದೆ.
ಎಂಟನೇ ಮನೆ ಸರಿಹೋದೀತೆಂದು ತೋರಿಸಲು
ಕುಂಚ ಎತ್ತಿಯೂ ಆಗಿತ್ತು.
'ನಾನು ನೋಡಿಲ್ಲ ಸಾ.'
ಕುಂಚವನ್ನು ಲೋಟಕ್ಕೆ ಇಳಿಸಿದೆ.

ಸೋಮವಾರ ಅಡುಗೆಮನೆಯ ಚೌಡಮ್ಮ ಕೂಗಾಡಿದಳು:
ಎಷ್ಟು ತಿಕ್ಕಿದರೂ ಹೋಗಲಿಲ್ಲ,
ಲೋಟದ ಹಾಲು ನೀಲಿ ಕಾಣುತ್ತದಂತೆ.
ಹೋಗಿ ಕಣ್ಣು ಕಿರಿದು ಮಾಡಿ ನೋಡಿದೆ.
ಒಂಬತ್ತರ ಆಚೆ.
ಹತ್ತನೆಯದೂ ಒಂದು ಇತ್ತು ಹಾಗಾದರೆ.